ಪೊರಕೆಯ ಸರದಿ

ಇಂಡೊನೇಷ್ಯಾದ ಮಕ್ಕಳಿಗೆ ಓದುವ ಹುಮ್ಮಸ್ಸು ಏಕಿಲ್ಲ ಎಂಬುದನ್ನು ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚಿನಲ್ಲಿ, ಹೈವೇ ಕಾಣುವ ಒಂದು ಕೋಣೆಯಲ್ಲಿ ಕೂತು ನಾವು ತೀರ್ಮಾನಿಸಿದೆವು. ಮೇಜಿನ ಸುತ್ತ ಇದ್ದವರಲ್ಲಿ ಇಂಡೊನೇಷ್ಯಾ ನೋಡಿದವಳು, ಅಲ್ಲಿ ಕೆಲವು ವರ್ಷ ದುಡಿದು ಅಲ್ಲಿನ ಭಾಷೆ ಕಲಿತವಳು ನಾನೊಬ್ಬಳೇ. ಅದಕ್ಕೇ ಇರಬೇಕು, ಮಾತಾಡುವ ಕೆಲಸ ಉಳಿದವರದು, ಬರೆದುಕೊಳ್ಳುವ ಕೆಲಸ ನನ್ನದು.

ನಮ್ಮದು ಶಾಲೆಗಳಿಗೆ ಆ್ಯಪ್ ಮಾಡುವ ಕಂಪನಿ. ಯಜಮಾನ ರಘುನಂದನ, ಮೈಸೂರಿನವರು. ತಿಮೋರ್ ಎಂಬ ದ್ವೀಪದ ಬೆಟ್ಟದ ಮೇಲೆ ಕೆಲವು ಪ್ರಾಥಮಿಕ ಶಾಲೆಗಳು ನಮ್ಮ ಆ್ಯಪನ್ನು ಪ್ರಯೋಗಕ್ಕೆ ತೆಗೆದುಕೊಂಡಿದ್ದವು. ಅಲ್ಲಿ ಮಕ್ಕಳು ಮನೆಯಲ್ಲಿ ದವಾನ್ ಎಂಬ ಭಾಷೆ ಆಡುತ್ತಾರೆ. ಶಾಲೆಯಲ್ಲಿ ಪಾಠ ಇಂಡೊನೇಷ್ಯನ್ ಭಾಷೆಯಲ್ಲಿ.

"ಪ್ರಾಬ್ಲಮ್ಮೇ ಅದು," ಎಂದರು ರಘುನಂದನ. "ಮನೆ ಭಾಷೆ ಅಡ್ಡ ಬರ್ತಾ ಇದೆ. ಅದು ಕಡಿಮೆ ಆದ್ರೆ ಸ್ಕೋರ್ ತಾನಾಗೇ ಮೇಲೆ ಹೋಗುತ್ತೆ. ಮಕ್ಕಳಿಗೆ ಮೋಟಿವೇಶನ್ ಕೊಡಬೇಕು, ಅಷ್ಟೇ."

ಮೇಜಿನ ಸುತ್ತ ಎಲ್ಲರೂ ತಲೆಯಾಡಿಸಿದರು. ಹೆಚ್ಚಿನವರು ಕನ್ನಡದವರೇ. ಯಾರ ಮಕ್ಕಳೂ ಮನೆಯಲ್ಲಿ ಕನ್ನಡ ಆಡುವುದಿಲ್ಲ. ಅದರ ಬಗ್ಗೆ ಅವರಿಗೆಲ್ಲ ಬಹಳ ನೋವಿತ್ತು. ಪ್ರತಿ ಯುಗಾದಿಗೂ ಆ ನೋವನ್ನು ಮೈಕಿನಲ್ಲಿ ಹೇಳಿಕೊಳ್ಳುತ್ತಿದ್ದರು.

ಹೀಗೆ ಸ್ಟಾರ್ ಪದ್ಧತಿ ಹುಟ್ಟಿತು. ಸರಿಯುತ್ತರಕ್ಕೆ ಒಂದು ಸ್ಟಾರ್. ತರಗತಿಯಲ್ಲಿ ಮನೆ ಭಾಷೆ ಆಡಿದರೆ ಒಂದು ಸ್ಟಾರ್ ಕಟ್. ಪಾಠದ ಭಾಷೆ ಬಿಟ್ಟು ಬೇರೆ ಏನು ಆಡಿದರೂ ಆ್ಯಪಿನ ಮೈಕ್ ಕೇಳಿಸಿಕೊಳ್ಳುತ್ತದೆ. ಮೇಷ್ಟರಿಗೆ ಪಕ್ಷಪಾತ ಮಾಡುವ ಪಾಪ ಬರುವುದಿಲ್ಲ. ಗೋಡೆಯ ಮೇಲಿನ ಟಿವಿಯಲ್ಲಿ ಎಲ್ಲರ ಹೆಸರೂ ಇರುತ್ತದೆ. ಮೇಲಿನವರು ಹಸಿರು, ಕೆಳಗಿನವರು ಕೆಂಪು. ಕೆಂಪಾದವರಿಗೆ ಏನು ಮಾಡುವುದು ಎಂಬುದೊಂದೇ ಉಳಿದಿತ್ತು.

ಉತ್ತರ ಒಂದು ವಿಡಿಯೊದಲ್ಲಿ ಸಿಕ್ಕಿತು. ನಾನೇ ಮೊಬೈಲಿನಲ್ಲಿ ಹಿಡಿದುಕೊಂಡು ಬಂದ ವಿಡಿಯೊ. ಬೆಳಗ್ಗೆ ಗಂಟೆ ಹೊಡೆಯುವ ಮುಂಚೆ ಕೆಂಪು ಲಂಗ, ಕೆಂಪು ಚಡ್ಡಿ, ಬಿಳಿ ಅಂಗಿಯ ಮಕ್ಕಳು ತರಗತಿ ಗುಡಿಸುತ್ತಿದ್ದಾರೆ.

ಆ ವಿಡಿಯೊ ತೆಗೆದ ದಿನದ ಬಗ್ಗೆ ಹೇಳಬೇಕು. ಗುಡಿಸುತ್ತಿದ್ದವರಲ್ಲಿ ಒಬ್ಬಳು ಹೆಡ್‌ಮಾಸ್ಟರ ಮಗಳು. ಇನ್ನೊಬ್ಬ ಅಂಗಡಿ ಸಾಹುಕಾರನ ಮಗ. ಇವರೆಲ್ಲ ಯಾಕೆ ಗುಡಿಸುತ್ತಿದ್ದಾರೆ ಎಂದು ಹೆಡ್‌ಮಾಸ್ಟರನ್ನು ಕೇಳಿದೆ. ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ. "ಇವತ್ತು ಇವರ ಸರದಿ," ಎಂದರು. ನಾಳೆ ಬೇರೆಯವರದು. ಆ ದೇಶದಲ್ಲೆಲ್ಲ ಹೀಗೇ. ನಾನು ಶಾಲೆಯ ಹಿಂದಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು, ಮುಖ ತೊಳೆದುಕೊಂಡು ಬಂದೆ.

ನಾನು ಮುಳಬಾಗಿಲು ತಾಲೂಕಿನವಳು. ದಲಿತರ ಕೇರಿಯವಳು. ನಮ್ಮ ಶಾಲೆಯಲ್ಲೂ ಮಕ್ಕಳೇ ಗುಡಿಸುತ್ತಿದ್ದರು. "ಕಾಲೋನಿಯವರು ಎದ್ದೇಳ್ರಿ," ಎನ್ನುತ್ತಿದ್ದರು ಮೇಷ್ಟ್ರು. ನಾವು ಏಳುತ್ತಿದ್ದೆವು. ತರಗತಿ ಗುಡಿಸುವುದು, ಜಗುಲಿಗೆ ಸಗಣಿ ಸಾರಿಸುವುದು, ಬೋರ್‌ವೆಲ್ಲಿನಿಂದ ನೀರು ಹೊತ್ತು ಮೇಷ್ಟರ ಕಕ್ಕಸು ತೊಳೆಯುವುದು. ಫಿನಾಯಿಲ್ ಬಿದ್ದು ಬೆರಳ ಸಂದಿ ಸೀಳುತ್ತಿತ್ತು. ಬಳಪ ಹಿಡಿದರೆ ಉರಿ. ಒಳಗೆ ಉಳಿದ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಹದಿಮೂರರ ಮಗ್ಗಿ ನಾನು ಕಲಿತದ್ದು ಕಕ್ಕಸಿನ ಗೋಡೆಯ ಈಚೆಯಿಂದ. ನಮಗೂ ಸರದಿ ಇತ್ತು. ದಿನವೂ ನಮ್ಮದೇ.

ವಿಡಿಯೊ ನೋಡಿ ರಘುನಂದನರ ಮುಖ ಅರಳಿತು. "ಪರ್ಫೆಕ್ಟ್. ರೆಡ್‌ನಲ್ಲಿ ಇರೋರು ಮಾರನೇ ದಿನ ಗುಡಿಸಲಿ. ಹೇಗೂ ಅವರ ಕಲ್ಚರ್‌ನಲ್ಲೇ ಇದೆ."

"ಅದು ಶಿಕ್ಷೆ ಅಲ್ಲ ರಘು," ಎಂದೆ. "ಎಲ್ಲಾರೂ ಮಾಡ್ತಾರೆ. ಅದಕ್ಕೇ ಯಾರಿಗೂ ಅವಮಾನ ಆಗಲ್ಲ. ನೀವು ಹಿಂಗ್ ಮಾಡಿದ್ರೆ ಕೆಲವರ ಕೈಯಲ್ಲೇ ಪೊರಕೆ ಉಳಿದುಬಿಡುತ್ತೆ."

"ಓದಿದ್ರೆ ಪೊರಕೆ ತಪ್ಪುತ್ತೆ. ಅದೇ ಮೋಟಿವೇಶನ್."

"ದವಾನ್ ಬಿಟ್ಟು ಬೇರೆ ಭಾಷೆನೇ ಕೇಳದ ಮನೆಯಿಂದ ಬರೋ ಮಗು ಏನ್ ಮಾಡುತ್ತೆ?"

"ನಾಗಮಣಿ, ನೀವು ಈ ವಿಷಯದಲ್ಲಿ ಸ್ವಲ್ಪ ಎಮೋಷನಲ್ ಆಗ್ತೀರ," ಎಂದರು. ಯಾವ ವಿಷಯದಲ್ಲಿ ಎಂದು ಅವರು ಹೇಳಲಿಲ್ಲ. ಟಿಪ್ಪಣಿಯಲ್ಲಿ ನನ್ನ ಮಾತನ್ನೂ ಬರೆದುಕೊಂಡೆ. ಕಳುಹಿಸುವ ಮುಂಚೆ ಅವರು ಅದನ್ನು ತೆಗೆದರು.

ನಾನು ಕೆಲಸ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ವೀಸಾ ಕಂಪನಿಯದು. ಗಂಡ ಮೋಹನರಾಜ ಮತ್ತು ಮಗಳು ದಿಯಾ ನನ್ನ ವೀಸಾಕ್ಕೆ ಜೋತುಬಿದ್ದವರು. ಮೋಹನನಿಗೆ ಇಲ್ಲಿ ದುಡಿಯಲು ಅನುಮತಿ ಇಲ್ಲ. ಮನೆಯಲ್ಲಿ ಅಡುಗೆ ಮಾಡುತ್ತಾನೆ, ಮಗಳನ್ನು ಶಾಲೆಗೆ ಬಿಡುತ್ತಾನೆ. ಕೆಲಸ ಹೋದರೆ ಎರಡು ತಿಂಗಳೊಳಗೆ ಬೇರೆ ಕೆಲಸ, ಇಲ್ಲವೇ ವಿಮಾನ.

ವರ್ಷ ಕಳೆಯುವುದರೊಳಗೆ ಆ ಶಾಲೆಗಳ ಸರಾಸರಿ ಅಂಕ ಏರಿತು. ಹಾಜರಿಯೂ ಏರಿತು. ಜಿಲ್ಲೆಯ ಎಲ್ಲ ಶಾಲೆಗಳಿಗೂ ಇದನ್ನೇ ನೀತಿ ಮಾಡಲು ಅಲ್ಲಿನ ಶಿಕ್ಷಣಾಧಿಕಾರಿ ಯೋಚಿಸುತ್ತಿದ್ದರು. ಆಸ್ಟಿನ್‌ನ ಒಂದು ಫೌಂಡೇಶನ್ ದುಡ್ಡು ಕೊಡಲು ಮುಂದೆ ಬಂದಿತು. ಅವರಿಗೆ ತೋರಿಸಲು ಒಬ್ಬ ಟೀಚರ್ ಬೇಕಿತ್ತು. ನಾನು ವಿಡಿಯೊ ತೆಗೆದಿದ್ದ ಬೆಟ್ಟದ ಶಾಲೆಯಿಂದಲೇ ಯುಲಿಯಾನಾ ಎಂಬ ಟೀಚರನ್ನು ಆರಿಸಿ ವಿಮಾನ ಹತ್ತಿಸಿದರು.

"ಹೋಟೆಲ್ ಬೇಡ, ನಿಮ್ಮನೇಲೇ ಇರಲಿ," ಎಂದರು ರಘುನಂದನ. "ಆಕೆಗೂ ಕಂಫರ್ಟಬಲ್. ಅವರು ಏನೇನೋ ತಿಂತಾರಂತೆ. ನಿಮ್ಮ ಕಡೇನೂ ಎಲ್ಲಾ ನಡೆಯುತ್ತಲ್ಲ."

ನಡೆಯುತ್ತದೆ. ಮೋಹನ ಹಂದಿ ಮಾಂಸಕ್ಕೆ ಹಸಿಮೆಣಸಿನಕಾಯಿ ಅರೆದು ಹಾಕಿ ಹುರಿದ. ಯುಲಿಯಾನಾ ಎರಡು ಸಲ ಬಡಿಸಿಕೊಂಡು ತಿಂದಳು. ಕಪ್ಪಗೆ, ಗಟ್ಟಿಯಾಗಿ, ಕಡಿಮೆ ಮಾತಿನ ಹೆಂಗಸು. ವರ್ಷಗಳಿಂದ ದಿನಗೂಲಿಯಂಥ ಸಂಬಳಕ್ಕೆ ಪಾಠ ಮಾಡುತ್ತಿದ್ದಳು. ಈ ಪ್ರವಾಸದಲ್ಲಿ ಚೆನ್ನಾಗಿ ಮಾತಾಡಿದರೆ ಕೆಲಸ ಕಾಯಂ ಮಾಡಲು ಶಿಫಾರಸು ಮಾಡುತ್ತೇವೆ ಎಂದು ಕಂಪನಿ ಹೇಳಿತ್ತು.

ದಿಯಾ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ.

"ನಿನ್ನ ಮಗಳಿಗೆ ಶಾಲೆಯಲ್ಲಿ ದಿನಕ್ಕೆ ಎಷ್ಟು ಸ್ಟಾರ್ ಕಟ್ ಆಗುತ್ತೆ?" ಎಂದಳು ಯುಲಿಯಾನಾ. ನಗಲಿಲ್ಲ. ಅವಳು ಮಾತಾಡುತ್ತಿದ್ದದ್ದು ಇಂಡೊನೇಷ್ಯನ್ನಿನಲ್ಲಿ. ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಆಸ್ಟಿನ್‌ಗೆ ಮುಂಚೆ ಹ್ಯೂಸ್ಟನ್‌ಗೆ ಹೋಗಬೇಕಿತ್ತು. ಶುಗರ್ ಲ್ಯಾಂಡಿನ ಡಾಕ್ಟರ್ ಗೋಪಾಲಕೃಷ್ಣ ಕಂಪನಿಗೆ ಬಂಡವಾಳ ಹಾಕಿದವರು. ಅವರ ಹೆಂಡತಿ ಪ್ರಭಾ ಪಕ್ಕದ ಸ್ಟಾಫರ್ಡ್‌ನಲ್ಲಿ ಭಾನುವಾರದ ಕನ್ನಡ ಶಾಲೆ ನಡೆಸುತ್ತಾರೆ. ಅಂಗಡಿಗಳ ಸಾಲಿನ ಹಿಂದೆ ಬಾಡಿಗೆ ಹಾಲ್. ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಮನೆಯ ಮಾತೇ ಮಗುವಿನ ಬೇರು.

ಅದೇನು ಬರೆದಿದೆ ಎಂದು ಯುಲಿಯಾನಾ ಕೇಳಿದಳು. ಹೇಳಿದೆ. ಅವಳು ಅದನ್ನೇ ನೋಡುತ್ತ ನಿಂತಳು.

"ಇಂಡೊನೇಷ್ಯಾದಲ್ಲೇ ಪರವಾಗಿಲ್ಲ ರೀ," ಎಂದರು ಪ್ರಭಾ. "ನಮ್ಮ ಮಕ್ಕಳಿಗಂತೂ ಮೋಟಿವೇಶನ್ನೇ ಇಲ್ಲ. ರಘು ಅವರ ಆ್ಯಪ್ ಇಲ್ಲೂ ಹಾಕಿದ್ವಿ. ಇಂಗ್ಲಿಷ್ ಮಾತಾಡಿದ್ರೆ ಸ್ಟಾರ್ ಕಟ್. ಲಾಸ್ಟ್ ಬಂದೋರು ಕುರ್ಚಿ ಮಡಿಸಿಡಬೇಕು ಅಂತ ರೂಲ್."

"ಹೇಗಾಯ್ತು?"

"ಅಯ್ಯೋ ಕೇಳ್ಬೇಡಿ. ನನ್ನ ಮಗ ಚಿನ್ಮಯ್‌ದೇ ರೆಡ್ ಬಂತು. ಎಲ್ಲರ ಮುಂದೆ ಕುರ್ಚಿ ಎತ್ತಿದ್ನಾ, ಮನೆಗೆ ಬಂದು ಊಟಾನೇ ಮಾಡ್ಲಿಲ್ಲ. ನಾಲ್ಕು ಜನ ಪೇರೆಂಟ್ಸ್ ನಂಗೆ ಫೋನ್ ಮಾಡಿ ಜಗಳ ಆಡಿದ್ರು. ಮಕ್ಕಳ ಮನಸ್ಸಿನ ಮೇಲೆ ಎಂಥ ಪರಿಣಾಮ ಆಗುತ್ತೆ ನೋಡಿ. ನೆಕ್ಸ್ಟ್ ವೀಕೇ ತೆಗೆಸಿಬಿಟ್ವಿ."

ಒಂದು ಭಾನುವಾರ. ಶುಗರ್ ಲ್ಯಾಂಡಿನ ಮಕ್ಕಳ ಮೇಲೆ ಆ ಪದ್ಧತಿ ಬಾಳಿದ್ದು ಒಂದೇ ಭಾನುವಾರ.

ಯುಲಿಯಾನಾಗೆ ಅಷ್ಟನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, "ನಮ್ಮಲ್ಲಿ ಯಾವಾಗ ತೆಗೀತಾರೆ ಅಂತ ಕೇಳು," ಎಂದಳು. ಕೇಳಿದೆ.

ಪ್ರಭಾ ನಕ್ಕರು. ಕೆಟ್ಟ ನಗುವೇನಲ್ಲ. "ಅಲ್ಲಿ ಬೇರೆ ಅಲ್ವಾ ರೀ. ಅವರಿಗೆ ಗುಡಿಸಿ ಎಲ್ಲ ಅಭ್ಯಾಸ ಇರುತ್ತೆ."

ಅದನ್ನು ನಾನು ಅನುವಾದಿಸಲಿಲ್ಲ. ಯುಲಿಯಾನಾ ನನ್ನ ಮುಖ ನೋಡಿದಳು. ಅವಳಿಗೆ ಅನುವಾದ ಬೇಕಾಗಲಿಲ್ಲ.

ಮಧ್ಯಾಹ್ನ ಪ್ರಭಾ ಅವರ ಮನೆಯಲ್ಲಿ ಊಟ. ದೊಡ್ಡ ಮನೆ, ಹಿಂದೆ ಈಜುಕೊಳ. ಬಿಸಿಬೇಳೆಬಾತ್, ಕೋಸಂಬರಿ, ಒಬ್ಬಟ್ಟು. ಬಂದವರಲ್ಲಿ ಡಾಕ್ಟರುಗಳಿದ್ದರು, ಎಣ್ಣೆ ಕಂಪನಿಯವರಿದ್ದರು. ರಘುನಂದನರೂ ಇದ್ದರು. ಬಡಿಸುತ್ತ ಪ್ರಭಾ ಕೇಳಿದರು, "ಕೋಲಾರದ ಕಡೆ ಅಂದ್ರಿ. ಅಲ್ಲಿ ನೀವು ಯಾವ ಪೈಕಿ?"

"ದಲಿತರು."

ಸೌಟು ಒಂದು ಕ್ಷಣ ನಿಂತಿತು. ಆಮೇಲೆ ಬಾತ್ ಬಿತ್ತು, ಸ್ವಲ್ಪ ಮೇಲಿನಿಂದ. "ನಮ್ಮನೇಲಿ ಅದೆಲ್ಲ ನೋಡಲ್ಲ ಬಿಡಿ," ಎಂದರು.

ನೋಡಲಿಲ್ಲ. ಊಟ ಮುಗಿಯುವ ಹೊತ್ತಿಗೆ ಯಾರದೋ ಮಗು ಕೋಸಂಬರಿಯ ಗಾಜಿನ ಬಟ್ಟಲು ಬೀಳಿಸಿತು. ನೆಲದ ತುಂಬ ಚೂರು, ಹೆಸರುಬೇಳೆ. ಅಡುಗೆಮನೆಯಲ್ಲಿ ಏಳೆಂಟು ಹೆಂಗಸರಿದ್ದೆವು, ನೀರು ಕುಡಿಯಲು ಬಂದ ರಘುನಂದನರೂ ಇದ್ದರು. ಪ್ರಭಾ ಎಲ್ಲರನ್ನೂ ದಾಟಿ ನೋಡಿದರು. ಮೂಲೆಯಲ್ಲಿದ್ದ ನನ್ನ ಹತ್ತಿರ ಬಂದು ಅವರ ಕಣ್ಣು ನಿಂತಿತು.

"ನಾಗಮಣಿ, ಆ ಕ್ಲೋಸೆಟ್‌ನಲ್ಲಿ ಪೊರಕೆ ಇದೆ. ಒಂಚೂರು..."

ನನ್ನ ಕಾಲು ಹೊರಟುಬಿಟ್ಟಿತು. ಮನಸ್ಸಿಗೆ ಗೊತ್ತಾಗುವ ಮುಂಚೆ ಕೈ ಪೊರಕೆ ಹಿಡಿದಿತ್ತು, ಸೊಂಟ ಬಗ್ಗಿತ್ತು. ಎಂಜಿನಿಯರಿಂಗ್ ಓದಿ, ಎರಡು ದೇಶ ದಾಟಿ ಬಂದರೂ ಸೊಂಟ ಇನ್ನೂ ಮುಳಬಾಗಿಲಿನಲ್ಲೇ ಇತ್ತು. ಉಳಿದವರು ಮಾತು ಮುಂದುವರಿಸಿದರು. ನಾನು ಗುಡಿಸಲು ಅನುಕೂಲವಾಗಲೆಂದು ಒಬ್ಬರು ಕಾಲು ಮೇಲೆತ್ತಿಕೊಂಡರು.

"ಅಕ್ಕಾ," ಎಂದಳು ಯುಲಿಯಾನಾ ಬಾಗಿಲಿನಿಂದ. "ಇಲ್ಲಿ ನಿನಗೆ ಎಷ್ಟು ಸ್ಟಾರ್?"

ನಾನು ನಿಂತೆ. ಸೊಂಟ ನೆಟ್ಟಗಾಯಿತು. ಪೊರಕೆಯನ್ನು ಪ್ರಭಾ ಅವರ ಪಕ್ಕದ ಗೋಡೆಗೆ ಒರಗಿಸಿದೆ.

"ಇವತ್ತು ನನ್ನ ಸರದಿ ಅಲ್ಲ ರೀ," ಎಂದೆ.

ಪ್ರಭಾ ಕೆಂಪಾದರು. ಆಮೇಲೆ ತಾವೇ ಪೊರಕೆ ತೆಗೆದುಕೊಂಡರು. ಹಿಡಿಯಲು ಬರುತ್ತಿರಲಿಲ್ಲ. ಚೂರುಗಳನ್ನು ಫ್ರಿಜ್ಜಿನ ಕೆಳಕ್ಕೆ ತಳ್ಳಿದರು.

ಹೊರಗೆ ಕಾರಿನ ಹತ್ತಿರ ರಘುನಂದನ ಹಿಂದೆಯೇ ಬಂದರು. "ಇನ್ವೆಸ್ಟರ್ ಮನೆ ನಾಗಮಣಿ ಅದು. ಒಂದು ಪೊರಕೆ ಅಷ್ಟು ದೊಡ್ಡ ವಿಷಯಾನಾ?"

"ಚಿಕ್ಕ ವಿಷಯ ಆಗಿದ್ರೆ ನೀವೇ ತಗೋಬಹುದಿತ್ತಲ್ಲ ರಘು. ನೀವು ಹತ್ರಾನೇ ಇದ್ರಿ."

ಅವರು ಗಡಿಯಾರ ನೋಡಿಕೊಂಡರು. "ನಾಳೆ ಸಂಜೆ ಆಸ್ಟಿನ್. ಅಲ್ಲಿ ಇಂಥದ್ದೆಲ್ಲ ಬೇಡ. ಆಕೆ ಏನೇ ಹೇಳಲಿ, ನಾನು ಕಳಿಸಿರೋ ಇಂಗ್ಲಿಷ್ ಸ್ಕ್ರಿಪ್ಟ್ ಓದಿ. ದುಡ್ಡು ಕೊಡೋರಿಗೆ ಇಂಡೊನೇಷ್ಯನ್ ಎಲ್ಲಿ ಬರುತ್ತೆ?"

ಮರುದಿನ ಬೆಳಗ್ಗೆ ನಾವಿಬ್ಬರೂ ಆಸ್ಟಿನ್ ಕಡೆ ಹೊರಟೆವು. ಹೈವೇ ಅಂಚಿನ ಹುಲ್ಲಿನಲ್ಲಿ ನೀಲಿ ಹೂ ಬಿಟ್ಟಿದ್ದವು. ಊರು ದಾಟಿತು. ಯುಲಿಯಾನಾ ಕೇಳಿದಳು, "ನಿಮ್ಮ ಕಂಪನಿಯವರು ಹಾಜರಿ ಏರಿದೆ ಅಂತಾರಲ್ಲ, ಹೇಗೆ ಏರಿತು ಗೊತ್ತಾ?"

ಅವಳೇ ಹೇಳಿದಳು.

ಅವಳ ತರಗತಿಯಲ್ಲಿ ಮೆರ್ಸಿ ಎಂಬ ಹುಡುಗಿ. ಅಜ್ಜಿಯ ಜೊತೆ ಬೆಟ್ಟದ ತುದಿಯಲ್ಲಿರುತ್ತಾಳೆ. ಅಜ್ಜಿಗೆ ದವಾನ್ ಬಿಟ್ಟು ಬೇರೆ ಬರುವುದಿಲ್ಲ. ಮೆರ್ಸಿ ವಾಚಾಳಿ. ಲೆಕ್ಕವನ್ನೂ ಜೋರಾಗಿ ಮಾತಾಡಿಕೊಂಡೇ ಮಾಡುವವಳು. ಬಾಯಿ ಬಿಟ್ಟರೆ ದವಾನ್. ಪ್ರತಿ ಮಾತಿಗೂ ಟಿಂಗ್ ಎಂದು ಸ್ಟಾರ್ ಹೋಗುತ್ತಿತ್ತು. ಹುಡುಗರು ಆ ಟಿಂಗನ್ನೇ ಅವಳ ಹೆಸರು ಮಾಡಿದರು. ಅವಳು ಕೆಂಪಾದಳು, ಗುಡಿಸಿದಳು. ಮರುದಿನವೂ ಕೆಂಪು. ಮೆಲ್ಲಗೆ ಪೊರಕೆ ಅವಳದೇ ಆಯಿತು. ಬೇರೆ ಮಕ್ಕಳು ಗುಡಿಸುವುದನ್ನು ಮರೆತರು. ಮಣ್ಣಿನ ಕಾಲಲ್ಲಿ ಒಳಗೆ ಬಂದು, "ಟಿಂಗ್, ಇಲ್ಲಿ ಗುಡಿಸು," ಎನ್ನುವುದನ್ನು ಕಲಿತರು. ಮೊದಲು ಹಾಗೆ ಹೇಳಿದವಳು ಹೆಡ್‌ಮಾಸ್ಟರ ಮಗಳು.

"ಒಂದು ದಿನ ಅವಳು ಬೇಗ ಬಂದು, ಗುಡಿಸಿ, ಗಂಟೆ ಹೊಡೆಯೋ ಮುಂಚೆ ಮನೆಗೆ ಹೋಗಿಬಿಟ್ಟಳು," ಎಂದಳು ಯುಲಿಯಾನಾ. "ಮಾರನೇ ದಿನವೂ ಹಾಗೇ. ನಾನು ಬೆಟ್ಟ ಹತ್ತಿ ಅವಳ ಅಜ್ಜಿಯನ್ನ ಕೇಳಿದೆ. 'ಶಾಲೆ ಅವಳಿಗೆ ಒಂದು ಕೆಲಸ ಕಲಿಸಿದೆ. ಅದನ್ನ ಮುಗಿಸಿ ಬರ್ತಾಳೆ. ಇನ್ನೇನು ಬಾಕಿ ಇದೆ?' ಅಂದಳು."

ಬಾಗಿಲಲ್ಲಿರುವ ನಮ್ಮ ಟ್ಯಾಬ್ ಮುಖ ನೋಡಿ ಹಾಜರಿ ಹಾಕುತ್ತದೆ. ಮೆರ್ಸಿ ದಿನವೂ ಹಾಜರ್. ಎಲ್ಲರಿಗಿಂತ ಮುಂಚೆ ಹಾಜರ್. ಪರೀಕ್ಷೆಗೆ ಕೂರುವುದಿಲ್ಲವಾದ್ದರಿಂದ ಸರಾಸರಿಯನ್ನೂ ಕೆಳಗೆಳೆಯುವುದಿಲ್ಲ. ಅಂಥ ಮೆರ್ಸಿಗಳು ಬೇರೆ ಶಾಲೆಗಳಲ್ಲೂ ಇದ್ದರು. ಕಂಪನಿ ಬಯಸುವಂಥ ವಿದ್ಯಾರ್ಥಿಗಳು ಅವರೇ.

ನಾನು ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿದೆ.

"ಇದನ್ನ ಸಂಜೆ ಹೇಳಿದ್ರೆ ನಿನ್ನ ಕೆಲಸ ಕಾಯಂ ಆಗಲ್ಲ," ಎಂದೆ.

"ನೀನು ಹೇಳಿದ್ರೆ ನಿನ್ನ ಕೆಲಸಾನೇ ಹೋಗುತ್ತೆ," ಎಂದಳು. "ನಿನ್ನ ಬಾಯಿಂದ ಹೇಳಿಸಲ್ಲ. ನನ್ನ ಮಾತು ನಾನೇ ಆಡ್ತೀನಿ."

ಇಂಗ್ಲಿಷ್ ಬಾರದವಳು ಅದು ಹೇಗೆ ಆಡುತ್ತಾಳೆ ಎಂದು ನನಗೆ ತಿಳಿಯಲಿಲ್ಲ. ಅವಳು ಕಾಫಿ ತರಲು ಇಳಿದಳು.

ಆಸ್ಟಿನ್‌ನಲ್ಲಿ ನದಿ ಪಕ್ಕದ ಹೋಟೆಲಿನ ಹಾಲ್. ದುಂಡು ಮೇಜುಗಳು, ಹೂ, ವೈನ್. ಫೌಂಡೇಶನ್ನಿನ ಯಜಮಾನಿ ಮಿಸೆಸ್ ಹ್ಯಾಲೊವೆಲ್ ಬೆಳ್ಳಗಿನ ಕೂದಲಿನ ಹಿರಿಯೆ. ಗೋಡೆಯಲ್ಲಿ ಎರಡು ದೊಡ್ಡ ಪರದೆ. ಒಂದರಲ್ಲಿ, ಒಪ್ಪಂದಕ್ಕೆ ಸಹಿ ಹಾಕಬೇಕಿದ್ದ ತಿಮೋರಿನ ಜಿಲ್ಲಾ ಶಿಕ್ಷಣಾಧಿಕಾರಿ. ಅಲ್ಲಿ ಆಗಲೇ ಮರುದಿನದ ಬೆಳಗು, ಅವರು ಏನೋ ತಿನ್ನುತ್ತ ಮೊಬೈಲ್ ನೋಡುತ್ತಿದ್ದರು. ಇನ್ನೊಂದರಲ್ಲಿ ನಮ್ಮ ಆ್ಯಪ್, ಎಲ್ಲರಿಗೂ ತೋರಿಸಲೆಂದು ನಡೆಯುತ್ತಿತ್ತು. ಅದರಲ್ಲಿ ಒಂದೇ ಹೆಸರು, ಯುಲಿಯಾನಾ. ಹಸಿರು. ಮುಂದೆ ಸಾಲಾಗಿ ಸ್ಟಾರುಗಳು. ಅದು ರಘುನಂದನರ ಐಡಿಯಾ.

ಯುಲಿಯಾನಾ ತನ್ನ ಊರಿನ ಕೈಮಗ್ಗದ ಸೀರೆಯಂಥ ಬಟ್ಟೆ ಉಟ್ಟು ವೇದಿಕೆ ಹತ್ತಿದಳು. ಪಕ್ಕದಲ್ಲಿ ನಾನು, ಕೈಯಲ್ಲಿ ಸ್ಕ್ರಿಪ್ಟ್. ಅವಳು ಮಾತು ಶುರು ಮಾಡಿದಳು.

ನನಗೆ ಒಂದು ಪದವೂ ತಿಳಿಯಲಿಲ್ಲ.

ಟಿಂಗ್ ಎಂದಿತು ಪರದೆ. ಒಂದು ಸ್ಟಾರ್ ಹೋಯಿತು.

ಆಗ ಹೊಳೆಯಿತು. ಅವಳು ಆಡುತ್ತಿದ್ದದ್ದು ದವಾನ್. ಟಿಂಗ್. ಅವಳು ನಿಲ್ಲಿಸಲಿಲ್ಲ. ಧ್ವನಿ ಏರಿಸಲೂ ಇಲ್ಲ. ಬೆಟ್ಟದ ಮನೆಯ ಜಗುಲಿಯಲ್ಲಿ ಕೂತವಳ ಹಾಗೆ ಮಾತಾಡಿದಳು. ಟಿಂಗ್, ಟಿಂಗ್. ಹೆಸರು ಹಳದಿಯಾಯಿತು. ಕೆಲವರು ನಕ್ಕರು, ಇದೂ ಕಾರ್ಯಕ್ರಮದ ಭಾಗವೆಂದು. ಹೆಸರು ಕೆಂಪಾಯಿತು. ಕೊನೆಗೆ ಪರದೆಯ ಮೇಲೆ ಒಂದು ಪೊರಕೆಯ ಚಿತ್ರ ಮೂಡಿತು. ಅದರ ಕೆಳಗೆ ಇಂಗ್ಲಿಷಿನಲ್ಲಿ: ನಾಳೆಯ ಸ್ವಚ್ಛತೆ, ಯುಲಿಯಾನಾ. ಮುದ್ದಾದ ಚಿತ್ರ. ಪೊರಕೆಗೆ ಕಣ್ಣು, ಬಾಯಿ ಬರೆದಿದ್ದರು.

ನಗು ನಿಂತಿತು.

ರಘುನಂದನ ವೇದಿಕೆಯ ಬದಿಗೆ ಬಂದರು. "ಟ್ರಾನ್ಸ್‌ಲೇಟ್ ಮಾಡಿ," ಎಂದರು ಕನ್ನಡದಲ್ಲಿ, ಹಲ್ಲು ಕಚ್ಚಿ.

"ಬರಲ್ಲ."

"ಏನ್ ಬರಲ್ಲ?"

"ಈ ಭಾಷೆ."

"ಸ್ಕ್ರಿಪ್ಟ್ ಓದಿ ಮತ್ತೆ."

ಸ್ಕ್ರಿಪ್ಟಿನಲ್ಲಿ ಏನಿತ್ತೆಂದು ನನಗೆ ಬಾಯಿಪಾಠವಿತ್ತು. 'ನನ್ನ ಮಕ್ಕಳು ಈಗ ಕನಸು ಕಾಣುತ್ತಾರೆ' ಎಂದು ಶುರುವಾಗುತ್ತಿತ್ತು. ದಿಯಾಳ ಶಾಲೆ ನೆನಪಾಯಿತು. ಮೋಹನನ ಮುಖ, ವೀಸಾದ ತಾರೀಖು ನೆನಪಾದವು. ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿ ಮೈಕ್ ತೆಗೆದುಕೊಂಡೆ.

"ಇವರು ಆಡುತ್ತಿರುವುದು ಇವರ ಮಕ್ಕಳ ಮನೆ ಮಾತು," ಎಂದೆ ಇಂಗ್ಲಿಷಿನಲ್ಲಿ. "ಇದನ್ನು ಆಡಿದರೆ ನಮ್ಮ ಆ್ಯಪ್ ಏನು ಮಾಡುತ್ತದೆ ಎಂದು ನೀವೇ ನೋಡಿದಿರಿ. ಇದು ಬರುವವರು ನಮ್ಮ ಕಂಪನಿಯಲ್ಲಿ ಒಬ್ಬರೂ ಇಲ್ಲ. ನನಗೂ ಬರುವುದಿಲ್ಲ. ಈ ಕಾಗದದಲ್ಲಿರುವ ಭಾಷಣ ಇವರದಲ್ಲ. ನಾನು ಓದುವುದಿಲ್ಲ."

ಅಷ್ಟೇ ಹೇಳಿದ್ದು. ಮೈಕನ್ನು ಮೇಜಿನ ಮೇಲಿಟ್ಟೆ.

ಆಗ ಪರದೆಯ ಮೇಲಿನ ಅಧಿಕಾರಿ ಮೊಬೈಲ್ ಕೆಳಗಿಟ್ಟು ದವಾನ್‌ನಲ್ಲಿ ಏನೋ ಕೇಳಿದರು. ಅವರೂ ಆ ಬೆಟ್ಟದವರೇ. ಯುಲಿಯಾನಾ ಉತ್ತರ ಕೊಟ್ಟಳು. ಅವರು ಮತ್ತೆ ಕೇಳಿದರು. ಆ್ಯಪ್ ಟಿಂಗ್ ಎನ್ನುತ್ತಲೇ ಇತ್ತು. ಕಳೆಯಲು ಸ್ಟಾರ್ ಉಳಿದಿರಲಿಲ್ಲ, ಆದರೂ ಕಳೆಯುತ್ತಿತ್ತು. ಹಾಲ್ ತುಂಬ ದೊಡ್ಡ ದೊಡ್ಡ ಓದು ಓದಿದವರು. ಎಲ್ಲರೂ ಭಾಷೆ ಬಾರದ ಮಕ್ಕಳ ಹಾಗೆ ಇಬ್ಬರ ಬಾಯನ್ನೂ ನೋಡುತ್ತ ಕೂತಿದ್ದರು. ಮಾತಿನ ನಡುವೆ ನನಗೆ ತಿಳಿದದ್ದು ಒಂದೇ ಪದ, ಮೆರ್ಸಿ.

ಅಧಿಕಾರಿ ಕೊನೆಗೆ ಇಂಡೊನೇಷ್ಯನ್ನಿಗೆ ತಿರುಗಿದರು. ಅದನ್ನು ಅನುವಾದಿಸಿದೆ. "ಮೆರ್ಸಿ ಎಂಬ ಹುಡುಗಿ ನಿಮ್ಮ ಲೆಕ್ಕದಲ್ಲಿ ದಿನವೂ ಶಾಲೆಗೆ ಬಂದಿದ್ದಾಳೆ. ಟೀಚರ್ ಹೇಳುತ್ತಾರೆ, ಅವಳು ಗುಡಿಸಿ ಹೋಗುತ್ತಾಳೆ, ಪಾಠಕ್ಕೆ ಕೂರುವುದಿಲ್ಲ. ಹೌದೋ ಅಲ್ಲವೋ?"

"ಡೇಟಾ ನೋಡಿ ಹೇಳಬೇಕು," ಎಂದರು ರಘುನಂದನ.

"ನೋಡಿ," ಎಂದರು ಅಧಿಕಾರಿ. "ಅಲ್ಲಿಯವರೆಗೆ ಸಹಿ ಇಲ್ಲ. ಅಂಕ ನೋಡಿ ಪೊರಕೆ ಕೊಡುವುದು ಇವತ್ತಿನಿಂದ ನಿಲ್ಲಬೇಕು."

ಹೊರಗೆ ಕಾರಿಡಾರಿನಲ್ಲಿ ರಘುನಂದನ ನನ್ನನ್ನು ನಿಲ್ಲಿಸಿದರು. ಕೋಪಕ್ಕಿಂತ ನೋವೇ ಹೆಚ್ಚಾಗಿ ಕಂಡಿತು. "ಕನ್ನಡದವರು ಅಂತ ನಿಮ್ಮನ್ನ ತಗೊಂಡೆ. ನಿಮಗೆ ನಾನು ಏನು ಅನ್ಯಾಯ ಮಾಡಿದ್ದೆ?"

"ನಿಮ್ಮ ಶಾಲೆಯಲ್ಲಿ ಯಾರು ಗುಡಿಸ್ತಿದ್ರು ರಘು?"

ಅವರು ಯೋಚಿಸಿದರು. ಪ್ರಾಮಾಣಿಕವಾಗಿಯೇ ಯೋಚಿಸಿದರು. "ನೆನಪಿಲ್ಲ," ಎಂದರು. "ಯಾರೋ ಗುಡಿಸ್ತಿದ್ರು."

ವಾರ ಮುಗಿಯುವುದರೊಳಗೆ ನನ್ನ ಕೆಲಸ ಹೋಯಿತು. ತಂಡದ ಜೊತೆ ಹೊಂದಾಣಿಕೆ ಸಾಲದು ಎಂಬುದು ಕಾರಣ. ಮೋಹನ ಸುದ್ದಿ ಕೇಳಿ, "ಸರಿ ಬಿಡು, ಮುಂದುಕ್ಕೆ ನೋಡಾಣ," ಎಂದು ಅನ್ನಕ್ಕಿಟ್ಟ. ಗಡುವು ತೀರಲು ಕೆಲವೇ ದಿನ ಇರುವಾಗ ಸ್ಟಾಫರ್ಡ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ನನ್ನನ್ನು ತೆಗೆದುಕೊಂಡಿತು. ಸಂಬಳ ಕಡಿಮೆ. ಮನೆ ಚಿಕ್ಕದು. ಕಿಟಕಿ ತೆರೆದರೆ ಪಕ್ಕದ ಅಂಗಡಿಯ ಒಗ್ಗರಣೆ ವಾಸನೆ ಬರುತ್ತದೆ.

ಹಳೆಯ ಕಂಪನಿಗೆ ನಷ್ಟವೇನೂ ಆಗಲಿಲ್ಲ. ಮಿಸೆಸ್ ಹ್ಯಾಲೊವೆಲ್ ಆ ಸಂಜೆಯಿಂದ ಬಹಳ ಕಲಕಿಹೋದರಂತೆ. ಮನೆ ಭಾಷೆಗೆ 'ಗೌರವ ಕೊಡುವ' ಹೊಸ ಆ್ಯಪಿಗೆ ಮೊದಲಿಗಿಂತ ಹೆಚ್ಚು ದುಡ್ಡು ಕೊಟ್ಟರು. ಈಗ ದವಾನ್ ಆಡಿದರೆ ಸ್ಟಾರ್ ಸಿಗುತ್ತದಂತೆ. ಅದು ಬರುವವರು ಕಂಪನಿಯಲ್ಲಿ ಇವತ್ತಿಗೂ ಇಲ್ಲ. ಜಾಹೀರಾತಿನಲ್ಲಿ ಯುಲಿಯಾನಾಳ ಫೋಟೊ ಇದೆ. ಅವಳನ್ನು ಕೇಳಿ ಹಾಕಿದ್ದಲ್ಲ. ಹ್ಯೂಸ್ಟನ್ನಿನ ಯುಗಾದಿಯಲ್ಲಿ ರಘುನಂದನರಿಗೆ ತಾಯ್ನುಡಿಯ ಸೇವೆಗಾಗಿ ಶಾಲು ಹೊದಿಸಿದರು.

ಯುಲಿಯಾನಾಳ ಕೆಲಸ ಕಾಯಂ ಆಗಲಿಲ್ಲ. ತೆಗೆದೂ ಹಾಕಲಿಲ್ಲ. ಒಂದು ಸಂಜೆ ಅವಳ ವಿಡಿಯೊ ಕರೆ ಬಂತು. ಅಲ್ಲಿ ಬೆಳಗ್ಗೆ, ತರಗತಿ ಶುರುವಾಗುತ್ತಿತ್ತು. ಹಿಂದೆ ಹೆಡ್‌ಮಾಸ್ಟರ ಮಗಳು ಮುಖ ಊದಿಸಿಕೊಂಡು ಗುಡಿಸುತ್ತಿದ್ದಳು.

"ಅವಳಿಗೆ ಮತ್ತೆ ಅಭ್ಯಾಸ ಆಗೋಕೆ ಕಷ್ಟ ಆಗ್ತಿದೆ," ಎಂದಳು ಯುಲಿಯಾನಾ. "ಕಲಿಸಿದ್ದು ಬೇಗ ಬಿಡಲ್ಲ."

"ಮೆರ್ಸಿ?"

ಅವಳು ಫೋನ್ ತಿರುಗಿಸಿದಳು. ಬಾಗಿಲ ಹತ್ತಿರದ ಬೆಂಚಿನಲ್ಲಿ ಒಬ್ಬಳು ಹುಡುಗಿ. ಕೆಲವು ದಿನ ಬರುತ್ತಾಳೆ, ಕೆಲವು ದಿನ ಬರುವುದಿಲ್ಲ ಎಂದಳು ಯುಲಿಯಾನಾ. ಮೆರ್ಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಪಟಪಟನೆ ದವಾನ್‌ನಲ್ಲಿ ಏನೋ ಹೇಳಿದಳು.

"ಏನಂದಳು?" ಎಂದು ಕೇಳಿದೆ.

"ಅವಳನ್ನೇ ಕೇಳು. ನಾನು ಟೀಚರ್, ಅನುವಾದಕಿ ಅಲ್ಲ."

ದಿಯಾ ಬಂದು ನನ್ನ ಭುಜಕ್ಕೆ ಗಲ್ಲ ಊರಿ ನಿಂತಳು. ಇನ್ನೊಂದು ಸಲ ಹೇಳು ಎಂದು ನಾನು ಕೈಸನ್ನೆ ಮಾಡಿದೆ. ಮೆರ್ಸಿ ಬೆಂಚು ಬಿಟ್ಟು ಎದ್ದು ಬಂದು, ಕ್ಯಾಮರಾ ತುಂಬ ಮುಖ ತಂದು, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ನಾನು ಅಂದೆ. ತಪ್ಪಾಯಿತು. ಹಿಂದೆ ಇಡೀ ತರಗತಿ ನಕ್ಕಿತು.

ಮೆರ್ಸಿ ನಗಲಿಲ್ಲ. ತಿರುಗಿ ಅವರನ್ನೆಲ್ಲ ಸುಮ್ಮನಿರಿಸಿ, ನನಗಾಗಿ ಮತ್ತೊಮ್ಮೆ, ಇನ್ನೂ ನಿಧಾನವಾಗಿ ಹೇಳಿದಳು.